ಹಾವಿಲ್ಲದ ದೇಶದಲ್ಲಿ ಹಾವಿನ ಹಿಕ್ಕೆಗೆ ಕಾದದ್ದು

ವಾಪಸು ಬಂದ ಮೇಲೆ ಮೊದಲ ಸಲ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋದಾಗ, ನನ್ನ ಜೊತೆಯಲ್ಲೇ ಗೂಡು ತರುವ ಕೆಂಪಣ್ಣ ಎಲ್ಲರ ಎದುರಿಗೆ ಕೇಳಿದ: "ಏನ್ಲಾ ಸಿದ್ರಾಜ, ಫಾರಿನ್ನಿಗೆ ಓಗಿ ಏನ್ಲಾ ನೋಡ್ಕಂಡ್ ಬಂದೆ?"

"ಆವಿನ ಹಿಕ್ಕೆ ನೋಡ್ಕಂಡ್ ಬಂದೆ ಕಣ್ಲಾ," ಅಂದೆ.

ಸುತ್ತ ನಿಂತಿದ್ದವರೆಲ್ಲ ಹೋ ಎಂದು ನಕ್ಕರು. ನಾನು ನಗಲಿಲ್ಲ. ಅಲ್ಲಿನ ಸಮುದ್ರ, ಕೋಟೆ, ಹಸಿರು ಹುಲ್ಲು ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ. ನಾನು ಕಂಡದ್ದು ಸಿಗುವುದಿಲ್ಲ. ಏಳನೇ ಕ್ಲಾಸಿಗೆ ಪುಸ್ತಕ ಮಡಚಿಟ್ಟು ಹುಳುಮನೆ ಸೇರಿದವನು ನಾನು. ಆದರೂ ಕಣ್ಣಾರೆ ಕಂಡದ್ದನ್ನು ಹೇಳುವುದಕ್ಕೆ ಅಷ್ಟು ಓದು ಸಾಕು.

ಇಳಿದ ದಿನ

ನನ್ನ ಮಗಳು ಸುಮಾ ಕನಕಪುರದಲ್ಲಿ ನರ್ಸಿಂಗ್ ಓದಿದವಳು. ಈಗ ಐರ್ಲೆಂಡ್ ದೇಶದಲ್ಲಿ, ಕಾರ್ಕ್ ಅನ್ನುವ ಊರಿನ ಹೊರಗೆ ಒಂದು ಆಸ್ಪತ್ರೆಯಲ್ಲಿದ್ದಾಳೆ. ಒಂದು ತಿಂಗಳು ಬಂದು ಹೋಗಿ ಎಂದು ಇಬ್ಬರನ್ನೂ ಕರೆದಳು. ಇಬ್ಬರೂ ಹೊರಡುವ ಹಾಗಿರಲಿಲ್ಲ, ಮನೆಯಲ್ಲಿ ರೇಷ್ಮೆ ಹುಳು ಇತ್ತು. ನಮ್ಮ ಮನೆಯಾಕೆ ಪುಟ್ಟಮ್ಮನೇ ತೀರ್ಮಾನ ಮಾಡಿದಳು: "ನೀವ್ ಓಗ್ಬನ್ನಿ. ಉಳ ನಾನ್ ನೋಡ್ಕತೀನಿ. ನೀವಿಲ್ದಿದ್ರೆ ಅವೂ ಒಸಿ ನೆಮ್ದಿಯಾಗ್ ಮೇಯ್ತವೆ."

ಅವಳ ಮಾತಿಗೆ ಕಾರಣವಿದೆ. ನನ್ನ ಕೈ ಸುಮ್ಮನಿರುವ ಕೈಯಲ್ಲ. ನಮ್ಮೂರು ಕೂಟಗಲ್ ಸುತ್ತಮುತ್ತ ಹುಳುವಿನ ಹಾಸಿಗೆ ನನ್ನಷ್ಟು ಚೊಕ್ಕಟವಾಗಿ ಇಡುವವರು ಇನ್ನೊಬ್ಬರಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಲಿ ಎಂದು ಕಾಯುವುದಿಲ್ಲ.

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಆಫೀಸರು ನನ್ನ ಚೀಲ ಬಿಚ್ಚಿಸಿ ರಾಗಿ ಹಿಟ್ಟಿನ ಪೊಟ್ಟಣ ಮೂಸಿ ನೋಡಿದ. ಸಿಮೆಂಟು ಅಂದುಕೊಂಡನೋ ಏನೋ. "ರಾಗಿ, ರಾಗಿ" ಅಂದೆ. ಅರ್ಥವಾಗಲಿಲ್ಲ. ಕೈಯಲ್ಲಿ ಉಂಡೆ ಕಟ್ಟಿದ ಹಾಗೆ ಮಾಡಿ, ಬಾಯಿಗೆ ಹಾಕಿ, ಗುಳುಕ್ಕನೆ ನುಂಗಿ, ಹೊಟ್ಟೆ ಸವರಿ ತೋರಿಸಿದೆ. ಆತ ಪಕ್ಕದವನನ್ನು ಕರೆದು ಇನ್ನೊಂದು ಸಲ ಮಾಡಿ ತೋರಿಸು ಎಂದು ಸನ್ನೆ ಮಾಡಿದ. ಮಾಡಿದೆ. ಇಬ್ಬರೂ ನಗುತ್ತಾ ಚೀಲ ಮುಚ್ಚಿ ಕೊಟ್ಟರು.

ದಾರಿಯುದ್ದಕ್ಕೂ ಹುಲ್ಲು. ನಮ್ಮ ಕಡೆ ಎತ್ತ ತಿರುಗಿದರೂ ಬಂಡೆ, ಅಲ್ಲಿ ಎತ್ತ ತಿರುಗಿದರೂ ಹಸಿರು. ಸಾವನದುರ್ಗದ ಬಂಡೆಯ ಒಂದು ಚೂರನ್ನಾದರೂ ತಂದು ಇಟ್ಟರೆ ಕಣ್ಣಿಗೆ ಆಸರೆಯಾದೀತು ಅನ್ನಿಸಿತು. "ಇಷ್ಟು ಹುಲ್ಲಲ್ಲಿ ಆವು ಎಷ್ಟಿರ್ಬೇಕು ಮಗಾ?" ಎಂದು ಕೇಳಿದೆ.

"ಒಂದೂ ಇಲ್ಲ ಕಣಪ್ಪಾ. ಈ ದೇಶದ್ ಕಾಡಲ್ಲಿ ಆವೇ ಇಲ್ವಂತೆ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನಮ್ಮನೇಲಿ ಒಂದೈತೆ," ಅಂದಳು.

ಟಾಮಣ್ಣನ ಮನೆ

ಸುಮಾ ಬಾಡಿಗೆಗಿರುವುದು ಮಹಡಿಯ ಮೇಲೆ. ಕೆಳಗೆ ಮನೆಯ ಯಜಮಾನ ಟಾಮ್ ಒಬ್ಬರೇ ಇರುತ್ತಾರೆ. ಜನ್ಮವೆಲ್ಲ ಬಸ್ಸು ಓಡಿಸಿ ರಿಟೈರಾದ ಮನುಷ್ಯ. ಅವರೂ ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟವರಂತೆ. ಅದನ್ನು ಕೇಳಿದ ಮೇಲೆ ನಾನು ಅವರನ್ನು ಟಾಮಣ್ಣ ಅಂದೆ. ಅವರು ನನ್ನನ್ನು ರಾಜು ಅಂದರು. ನನ್ನ ಇಂಗ್ಲಿಷು ಮಾಗಡಿ ಬಸ್‌ಸ್ಟ್ಯಾಂಡ್ ದಾಟುವುದಿಲ್ಲ, ಅವರಿಗೆ ಕನ್ನಡ ಗೊತ್ತಿಲ್ಲ. ನಡುವೆ ಸುಮಾ ಇದ್ದಳು, ಅವಳು ಇಲ್ಲದಾಗ ಕೈ ಇತ್ತು.

ಹಾವು ಅವರ ನಡುಮನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇತ್ತು. ಮರಿ. ಬಳಪದಷ್ಟು ದಪ್ಪ, ಒಂದು ಮೊಳ ಉದ್ದ, ಮೈಮೇಲೆ ಇಟ್ಟಿಗೆ ಬಣ್ಣದ ಪಟ್ಟೆ. ಹೆಸರು ಬಿಸ್ಕತ್ತು. ಅಮೇರಿಕದ ಜಾತಿಯಂತೆ, ನಮ್ಮ ಕೇರೆಹಾವಿನ ದಾಯಾದಿ ಇದ್ದ ಹಾಗೆ, ವಿಷವಿಲ್ಲ. ಹಿಪ್ಪುನೇರಳೆ ತೋಟದಲ್ಲಿ ದಿನಾ ಕೇರೆ ನೋಡುವವನಿಗೆ ಭಯವೇನು? ಆಶ್ಚರ್ಯವಾದದ್ದು ಬೇರೆ. ನಾವು ಮನೆಯೊಳಗೆ ಬಂದದ್ದನ್ನು ಕೈ ಮುಗಿದು ಹೊರಗೆ ಕಳಿಸುತ್ತೇವೆ. ಇಲ್ಲಿ ದೇಶದಲ್ಲೇ ಇಲ್ಲದ್ದನ್ನು ಅಂಗಡಿಯಿಂದ ತಂದು ಒಳಗೆ ಇಟ್ಟುಕೊಂಡಿದ್ದಾರೆ.

ವಿಡಿಯೋ ಕಾಲಿನಲ್ಲಿ ಪುಟ್ಟಮ್ಮನಿಗೆ ತೋರಿಸಿದೆ. ಅವಳು ಮೊದಲು ಕೈ ಮುಗಿದಳು, ಆಮೇಲೆ ಬೈದಳು: "ಅಯ್ಯೋ, ಗಾಜಿನ್ ಡಬ್ಬೀಲಿ ಮಡೀಕಂಡವ್ರಾ? ಉಸ್ರು ಕಟ್ಟಾಕಿಲ್ವಾ? ನೀವ್ ಮುಟ್ಬ್ಯಾಡ್ರೀ ಮಾತ್ರ."

ಆ ರಾತ್ರಿ ಊಟಕ್ಕೆ ಸುಮಾ ಮುದ್ದೆ ಮಾಡಿದ್ದಳು. ಟಾಮಣ್ಣನನ್ನೂ ಕರೆದೆವು. ಅವರು ಮುದ್ದೆಯನ್ನು ಬಾಯಲ್ಲಿಟ್ಟು ಅಗಿದರು, ಅಗಿದರು, ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು. ನಾನು ಸಾರಿನಲ್ಲಿ ಹೊರಳಿಸಿ ನುಂಗುವುದನ್ನು ಚಮಚ ಕೆಳಗಿಟ್ಟು ನೋಡಿದರು. ಏನೋ ಹೇಳಿದರು. ಸುಮಾ ನಕ್ಕು ನಕ್ಕು ಕೆಮ್ಮಿದಳು.

"ಏನಂತೆ?"

"ನಿಮ್ಮಪ್ಪನೂ ಬಿಸ್ಕತ್ತೂ ಒಂದೇ ಥರ ಉಣ್ತಾರೆ ಅಂತಾವ್ರೆ."

ಮಾತು ಕೊಟ್ಟ ಸಂಜೆ

ಟಾಮಣ್ಣನಿಗೆ ಸೊಂಟದ ಆಪರೇಷನ್ ನಿಗದಿಯಾಗಿತ್ತು, ಸುಮಾ ಇರುವ ಆಸ್ಪತ್ರೆಯಲ್ಲೇ. ಅದಾದ ಮೇಲೆ ನಡೆಯುವುದನ್ನು ಕಲಿಸುವ ಕಡೆ ಒಂದಷ್ಟು ದಿನ ಇರಬೇಕು. ಹಾವನ್ನು ನೋಡಿಕೊಳ್ಳಬೇಕಾಗಿದ್ದ ಅವರ ತಂಗಿಗೆ ಜ್ವರ ಬಂದು ಬರಲಾಗಲಿಲ್ಲ. ಮನುಷ್ಯ ತನ್ನ ಸೊಂಟದ ಚಿಂತೆ ಬಿಟ್ಟು ಹಾವಿನ ಚಿಂತೆಯಲ್ಲಿ ಕೂತಿದ್ದರು.

"ನಾನ್ ನೋಡ್ಕತೀನಿ ಅಂತ ಹೇಳವ್ವ," ಅಂದೆ.

"ಅಪ್ಪಾ, ಸುಮ್ಕಿರು. ಅದೇನು ರೇಷ್ಮೆ ಉಳನಾ?"

"ಇಡೀ ಮನೆ ತುಂಬ ಸಾಕಿ ಗೂಡು ಕಟ್ಟಿಸೋನಿಗೆ ಒಂದು ಮರಿ ದೊಡ್ದಾ? ಹೇಳು."

ಹೇಳಿದಳು. ಟಾಮಣ್ಣ ಎದ್ದು ಬಂದು ನನ್ನ ಕೈ ಹಿಡಿದು ಕುಲುಕಿದರು. ಆ ಹಿಡಿತದಲ್ಲಿ ಸ್ಟೀರಿಂಗ್ ಹಿಡಿದ ಕೈಯ ಬಲ ಇನ್ನೂ ಇತ್ತು.

ಹೊರಡುವ ಹಿಂದಿನ ಸಂಜೆ ಅದಕ್ಕೆ ಊಟ ಕೊಟ್ಟರು. ಹಿತ್ತಲ ಶೆಡ್ಡಿನಲ್ಲಿ ಸಣ್ಣ ಫ್ರಿಜ್ಜು, ಅದರ ತುಂಬ ಇಲಿಮರಿ, ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದವು. ಒಂದನ್ನು ಬಿಸಿನೀರಿನಲ್ಲಿ ಇಟ್ಟು ಮೆತ್ತಗೆ ಮಾಡಿ, ಚಿಮಟದಲ್ಲಿ ಹಿಡಿದು ಒಡ್ಡಿದರು. ಹಾವು ತಡವಿ ನೋಡಿ, ತಲೆಯಿಂದ ಹಿಡಿದು, ದವಡೆ ಆ ಕಡೆ ಈ ಕಡೆ ಜರುಗಿಸುತ್ತಾ ಇಡಿಯಾಗಿ ಇಳಿಸಿತು. ನಡುವಿನಲ್ಲಿ ಒಂದು ಗಂಟು ಕಂಡಿತು. ಹೋಗಿ ಪೆಟ್ಟಿಗೆಯೊಳಗೆ ಬೋರಲು ಹಾಕಿದ್ದ ಒಡಕು ಹೂಕುಂಡದ ಕೆಳಗೆ ಮಲಗಿತು.

"ಮೂರ್ನಾಕು ದಿನಕ್ಕೆ ಹಿಕ್ಕೆ ಆಕ್ತದಂತೆ," ಎಂದು ಸುಮಾ ಕನ್ನಡ ಮಾಡಿದಳು. "ಆಕಿದ್ ಮ್ಯಾಲೆ ತಗ್ದು ಕಿಲೀನ್ ಮಾಡ್ಬೇಕಂತೆ. ಅಷ್ಟೇ ಅಂತೆ ಕೆಲ್ಸ."

ಅಷ್ಟೇ ಕೆಲಸ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಹೊಟ್ಟೆ ಇರುವ ಜೀವ ಸಾಕುವುದರಲ್ಲಿ ಅಷ್ಟೇ ಕೆಲಸ ಎಂಬುದು ಎಲ್ಲಿದೆ?

ನಾಯಿಯ ಹಿಂದೆ ಕವರು

ಮಾರನೇ ಬೆಳಗ್ಗೆ ಟಾಮಣ್ಣನೂ ಸುಮಾಳೂ ಆಸ್ಪತ್ರೆಗೆ ಹೋದರು. ನಾನು ಕೈಕಾಲು ತೊಳೆದು, ನಮ್ಮಲ್ಲಿ ಹುಳುಮನೆಗೆ ಹೋಗುವಷ್ಟೇ ಮಡಿಯಾಗಿ, ಗಾಜಿನ ಪೆಟ್ಟಿಗೆ ತೆರೆದೆ. ಹುಳುವಿಗೆ ಮೇವು ಕೊಟ್ಟ ಮೇಲೆ ಹಾಸಿಗೆ ತೆಗೆಯುವುದು ನಮ್ಮ ದಿನದ ಕೆಲಸ. ಉಳಿದ ಸೊಪ್ಪು, ಹಿಕ್ಕೆ ಅಡಿಯಲ್ಲಿ ನಿಂತರೆ ಕಾವು ಏಳುತ್ತದೆ, ಕಾವು ಎದ್ದರೆ ರೋಗ. ಹಾಗಾಗಿ ಹಾವನ್ನು ಮೆಲ್ಲಗೆ ಎತ್ತಿ ಬಕೆಟ್ಟಿನಲ್ಲಿಟ್ಟೆ. ಹಾಸಿದ್ದ ಮರದ ಸಿಪ್ಪೆ ಪೂರ್ತಿ ಬದಲಾಯಿಸಿದೆ. ಗಾಜು ಒರೆಸಿದೆ. ಹಿಕ್ಕೆ ಇರಲಿಲ್ಲ. ಇಲ್ಲದಿದ್ದರೇನು, ಚೊಕ್ಕಟ ಚೊಕ್ಕಟವೇ.

ಪೆಟ್ಟಿಗೆಯ ಒಂದು ಪಕ್ಕ ಮುಟ್ಟಿದರೆ ಬಿಸಿ. ಅಡಿಯಲ್ಲಿ ಕರೆಂಟಿನ ಚಾಪೆಯಂಥದ್ದು ಇತ್ತು. ಹೊಟ್ಟೆ ಬಿರಿಯ ಮೇಯುವ ಹಂತದ ಹುಳುವಿಗೆ ಬಿಸಿ ಕೂಡದು. ನಾವು ಬೇಸಗೆಯಲ್ಲಿ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುತ್ತೇವೆ. ಹೊಟ್ಟೆ ತುಂಬಿದ ಮರಿಯ ಅಡಿಗೆ ಬಿಸಿ ಇಟ್ಟಿದ್ದಾರಲ್ಲ ಪಾಪ ಎಂದು ಸ್ವಿಚ್ಚು ಆರಿಸಿದೆ.

ಸಂತೋಷವಾಗಿ ಊರು ಸುತ್ತಲು ಹೋದೆ. ಅಲ್ಲಿನ ಜನ ಗುರುತಿಲ್ಲದವರಿಗೂ ತಲೆ ಬಾಗಿಸಿ ಹವಾಮಾನ ಹೇಳುತ್ತಾರೆ. ಸೋನೆ ಸುರಿಯುತ್ತಿದ್ದರೂ "ಒಳ್ಳೆಯ ದಿನ" ಅನ್ನುತ್ತಾರೆ. ನಾನೂ "ಗುಡ್ಡು, ಗುಡ್ಡು" ಅನ್ನುತ್ತಾ ನಡೆದೆ. ಒಂದು ನೋಟ ಮಾತ್ರ ನನ್ನನ್ನು ನಿಲ್ಲಿಸಿತು. ಉದ್ದ ಕೋಟು ಹಾಕಿದ ದೊಡ್ಡ ಮನುಷ್ಯನೊಬ್ಬ ನಾಯಿಯ ಹಿಂದೆ ಕಾದು ನಿಂತು, ಅದು ಮುಗಿಸಿದ ಮೇಲೆ ಕವರಿನಲ್ಲಿ ಎತ್ತಿಕೊಂಡು, ಗಂಟು ಹಾಕಿ, ಬೆರಳಿಗೆ ಸಿಕ್ಕಿಸಿಕೊಂಡು, ಅದೇ ಕೈ ಎತ್ತಿ ನನಗೆ ನಮಸ್ಕಾರ ಮಾಡಿದ. ನಮ್ಮೂರಲ್ಲಿ ಕುರಿ ಹಿಕ್ಕೆಯನ್ನು ಬಾಚಿ ಹೊಲಕ್ಕೆ ಹಾಕುತ್ತಾರೆ, ಹುಳುವಿನ ಹಿಕ್ಕೆ ತಿಪ್ಪೆಗೆ ಹೋಗಿ ಮತ್ತೆ ಸೊಪ್ಪಾಗಿ ಬರುತ್ತದೆ. ಇವರದ್ದು ಕವರಿನೊಳಗೆ ಹೋಗಿ ಕಸದ ಡಬ್ಬಿಗೆ ಬೀಳುತ್ತದೆ. ಆದರೂ ಒಂದು ಮಾತು ಒಪ್ಪಬೇಕು: ಸಾಕಿದ ಮೇಲೆ ಅದರ ಹಿಂದಿನ ಕೆಲಸವೂ ತನ್ನದೇ ಎಂದು ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ.

ತಪ್ಪು ಗುರುತು

ಎರಡನೇ ಬೆಳಗ್ಗೆಯೂ ಹಾಸಿಗೆ ಬದಲಾಯಿಸಿದೆ. ಅದರ ಮರುದಿನ ನೋಡಿದರೆ ಮೂಲೆಯಲ್ಲಿ ಒದ್ದೆ ಒದ್ದೆಯಾದ ಬೂದುಬಣ್ಣದ ಮುದ್ದೆ. ನಾತ ನಡುಮನೆಯೆಲ್ಲ ತುಂಬಿತ್ತು. ನನಗೋ ಖುಷಿ. ಹಾಕಿತಲ್ಲ! ಫೋಟೋ ತೆಗೆದು ಸುಮಾಳಿಗೂ ಪುಟ್ಟಮ್ಮನಿಗೂ ಕಳಿಸಿದೆ. ಕೆಂಪಣ್ಣನಿಗೂ ಕಳಿಸಿದೆ, ಏಕೆ ಸುಳ್ಳು ಹೇಳಲಿ.

ಪುಟ್ಟಮ್ಮ ತಕ್ಷಣ ಫೋನು ಮಾಡಿದಳು. "ಇದ್ಯಾವ್ ಹಿಕ್ಕೇರೀ? ಹಲ್ಲಿ ಹಿಕ್ಕೆ ನೋಡಿಲ್ವಾ ನೀವು? ಕಪ್ಗೆ ಇದ್ದು ತುದೀಲಿ ಬೆಳ್ಗೆ ಇರ್ಬೇಕು. ಹಲ್ಲಿ ಜಾತಿ ಆವಿನ್ ಜಾತಿ ಒಂದೇ ಅಲ್ವಾ? ಇದ್ರಲ್ಲಿ ಕಾಲೈತೆ ನೋಡಿ."

ನೋಡಿದೆ. ಕಾಲಿತ್ತು. ಸಣ್ಣ ಬಾಲವೂ ಇತ್ತು.

ಸುಮಾ ಡ್ಯೂಟಿ ಮುಗಿಸಿ ಬಂದವಳು ಕೋಟು ಬಿಚ್ಚದೆ ಪೆಟ್ಟಿಗೆ ಮುಂದೆ ಕೂತಳು. "ಅಪ್ಪಾ, ಇದು ಕಕ್ಕಿರೋದು. ಅರ್ಗೇ ಇಲ್ಲ." ಗಾಜಿಗೆ ಅಂಗೈ ಇಟ್ಟು ನೋಡಿದಳು. "ತಣ್ಗಾಗೈತಲ್ಲ! ಹೀಟರ್ ಆಫ್ ಮಾಡ್ಬುಟ್ಟಾ?"

"ಸೆಕೆ ಆಯ್ತದೆ ಅಂತ..."

"ಎತ್ತಿದ್ಯಾ?"

"ಹಾಸ್ಗೆ ತಗೀಬೇಡ್ವಾ?"

ಅವಳು ಆ ಮುದ್ದೆಯನ್ನು ಕಾಗದದಲ್ಲಿ ಎತ್ತಿ ಹೊರಗೆ ಹಾಕಿ ಬಂದಳು. ಬೈದಿದ್ದರೆ ಚೆನ್ನಾಗಿತ್ತು. ಹಾವು ಹೂಕುಂಡದ ಕೆಳಗೆ ಬಿದ್ದ ದಾರದ ಹಾಗೆ ಮಲಗಿತ್ತು.

ಆಸ್ಪತ್ರೆ

"ಆಪರೇಷನ್ ಈಗ್ ತಾನೆ ಆಗೈತೆ, ಒಸಿ ದಿನ ಕಳೀಲಿ, ನಾನೇ ಹೇಳ್ತೀನಿ," ಎಂದಳು ಸುಮಾ. ಒಪ್ಪಲಿಲ್ಲ. ಮಾತು ಕೊಟ್ಟವನು ನಾನು. ಮಾರನೇ ದಿನ ಅವಳ ಜೊತೆ ಬಸ್ಸು ಹತ್ತಿದೆ. ಅಲ್ಲಿ ಇಳಿಯುವ ಪ್ರತಿಯೊಬ್ಬನೂ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾನೆ. ಟಾಮಣ್ಣ ಜನ್ಮದಲ್ಲಿ ಎಷ್ಟು ಥ್ಯಾಂಕ್ಯೂ ಕೇಳಿರಬೇಕು, ನಾನು ತೆಗೆದುಕೊಂಡು ಹೋಗುತ್ತಿರುವುದು ಎಂಥ ಸುದ್ದಿ ಎಂದು ಯೋಚಿಸುತ್ತಾ ಇಳಿದೆ.

ಮಂಚದ ಪಕ್ಕ ನಿಂತು ನೇರವಾಗಿ ಹೇಳಿದೆ. ಸುಮಾ ಇಂಗ್ಲಿಷ್ ಮಾಡಿದಳು. ಟಾಮಣ್ಣ ದಿಂಬಿಗೆ ಒರಗಿ ಕೇಳಿದರು. ಆಮೇಲೆ ಮೆಲ್ಲಗೆ ಮಾತಾಡಿದರು. ಸುಮಾ ಒಂದೊಂದಾಗಿ ಹೇಳಿದಳು.

"ತಪ್ಪು ತಮ್ದೂ ಐತಂತೆ, ಹೀಟರ್ ವಿಚಾರ ಹೇಳ್ಲೇ ಇಲ್ವಂತೆ. ಆವಿಗೆ ಮೈಯಲ್ಲಿ ಸ್ವಂತ ಬಿಸಿ ಇಲ್ವಂತಪ್ಪಾ. ಹೊರ್ಗಡೆ ಬಿಸಿ ಇದ್ರೇನೇ ಒಳ್ಗಡೆ ಅರ್ಗೋದು. ತಣ್ಗಾದ್ರೆ ಹೊಟ್ಟೇಲೇ ಕೊಳೀತದೆ, ಕಕ್ತದೆ. ತಿಂದ್ ಮೇಲೆ ಎರಡ್ ದಿನ ಎತ್ಲೇಬಾರ್ದು. ಈಗ ಹೀಟರ್ ಆಕಿ, ನೀರ್ ಮಡಗಿ, ಮುಟ್ಬೇಡಿ. ಎರಡ್ ವಾರ ಏನೂ ತಿನ್ನಿಸ್ಬೇಡಿ ಅಂತಾವ್ರೆ."

"ಎರಡ್ ವಾರ ಉಪಾಸನಾ?"

"ಹೂಂ. ಕಕ್ಕಿದ್ರೆ ಹೊಟ್ಟೆ ಒಳ್ಗೆಲ್ಲ ಸುಟ್ಟಂಗ್ ಆಗಿರ್ತದಂತೆ. ಮರಿ ಅದು. ಇನ್ನೊಂದ್ ಸಲ ಕಕ್ಕಿದ್ರೆ ಉಳ್ಯೋದ್ ಕಷ್ಟ ಅಂತೆ."

ನಾನು ತಲೆ ಆಡಿಸಿದೆ. ಟಾಮಣ್ಣ ನನ್ನ ಎರಡೂ ಕೈಗಳನ್ನು ನೋಡಿದರು. ನಾಲ್ಕು ಮಾತು ಹೇಳಿದರು.

"ಸ್ಟಾಪಲ್ಲಿ ನಿಂತಿರೋ ಬಸ್ನ ಯಾರೂ ತಳ್ಳಾಕ್ ಓಗಲ್ಲ ರಾಜು, ಅಂತಾವ್ರೆ."

ಸುಮ್ಮನಿರುವ ಕೆಲಸ

ಹುಳು ಹಣ್ಣಾಗಿ ಗೂಡು ಕಟ್ಟಲು ನಿಂತಾಗ ನಿದ್ದೆಗೆಟ್ಟು ದುಡಿದಿದ್ದೇನೆ. ಮಳೆಯಲ್ಲಿ ಸೊಪ್ಪು ಕೊಯ್ದಿದ್ದೇನೆ. ಆದರೆ ಆ ಗಾಜಿನ ಮುಂದೆ ಕೈ ಕಟ್ಟಿ ಕೂರುವುದರಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಕೂರಲಾರದೆ ಟಾಮಣ್ಣನ ಬೇಲಿಗಿಡ ಕತ್ತರಿಸಿ ಸಮ ಮಾಡಿದೆ. ಕಿರುಗುಟ್ಟುವ ಗೇಟಿಗೆ ಎಣ್ಣೆ ಹಾಕಿದೆ. ಶೆಡ್ಡಿನಲ್ಲಿದ್ದ ಕುಡುಗೋಲು, ಕತ್ತರಿ ಎಲ್ಲ ಮಸೆದೆ. ಪಕ್ಕದ ಮನೆಯ ಹೆಂಗಸು ತಮ್ಮ ಕತ್ತರಿಯನ್ನೂ ತಂದುಕೊಟ್ಟರು. ಒಳಗೆ ಬಂದು ನೋಡಿದರೆ ಹಾವು ಅದೇ ಜಾಗದಲ್ಲಿ, ಬಿಸಿ ಪಕ್ಕದಲ್ಲಿ, ಸುತ್ತಿಕೊಂಡು.

ಆಮೇಲೆ ಒಂದು ದಿನ ಅದರ ಬಣ್ಣ ಕೆಟ್ಟಿತು. ಇಟ್ಟಿಗೆ ಬಣ್ಣವೆಲ್ಲ ಬೂದಿ ಎರಚಿದ ಹಾಗಾಯಿತು. ಕಣ್ಣಿಗೆ ಹಾಲು ತುಂಬಿದಂಥ ಪೊರೆ. ಸುಮಾ ನೋಡಿ ಬೆಚ್ಚಿದಳು. "ಕಣ್ಣೇ ಓಯ್ತೇನಪ್ಪಾ?" ಎತ್ತಿ ನೋಡೋಣವೇ, ಉಗುರುಬೆಚ್ಚಗಿನ ನೀರಿನಲ್ಲಿ ಬಿಡೋಣವೇ ಎಂದು ಕೈ ಮುಂದೆ ಹೋಯಿತು. ಹೋದದ್ದನ್ನು ಹಿಂದಕ್ಕೆ ಎಳೆದುಕೊಂಡು ಫೋನು ಮಾಡಿದೆ.

ಪುಟ್ಟಮ್ಮ ಹುಳುಮನೆಯಲ್ಲೇ ಇದ್ದಳು. ಹಿಂದುಗಡೆ ತಟ್ಟೆಗಳಲ್ಲಿ ಹುಳು ತಲೆ ಎತ್ತಿಕೊಂಡು ಅಲುಗದೆ ಕೂತಿದ್ದವು. ಪೊರೆ ಬಿಡುವ ಕಾಲ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಆಗ ಮೇವು ಕೊಡುವುದಿಲ್ಲ, ಹಾಸಿಗೆ ತೆಗೆಯುವುದಿಲ್ಲ, ಹತ್ತಿರ ಗಟ್ಟಿಯಾಗಿ ಮಾತೂ ಆಡುವುದಿಲ್ಲ.

"ಒಸಿ ಹತ್ರ ಹಿಡೀರಿ ಫೋನ," ಅಂದಳು. ನೋಡಿದಳು. ದನಿ ತಗ್ಗಿಸಿದಳು, ಅಲ್ಲಿನ ಹುಳುವಿಗೋ ಇಲ್ಲಿನ ಹಾವಿಗೋ ಗೊತ್ತಿಲ್ಲ. "ಇಷ್ಟ್ ವರ್ಸ ಉಳ ಸಾಕಿ ಇದ್ನೂ ನಾನೇ ಹೇಳ್ಬೇಕೇನ್ರೀ? ಜ್ವರಕ್ಕೆ ಕೂತೈತೆ ಅದು. ಮೈ ಎಂಗ್ ಮಂಕಾಗೈತೆ ನೋಡಿ. ಒಳ್ಗೆ ಹೊಸ ಚರ್ಮ ಬತ್ತಾ ಐತೆ. ಸಾಯೋದು ಪೊರೆ ಬುಡಾಕಿಲ್ಲ ಕಣ್ರೀ, ಬದ್ಕೋದೇ ಬುಡೋದು. ಬುಟ್ಬುಡಿ ಅದ್ನ."

ಕಣ್ಣ ಮುಂದೆ ಇದ್ದದ್ದು ಆಗ ಕಂಡಿತು. ಹಿಕ್ಕೆ ತೆಗೆಯುವುದು ನಮ್ಮ ಕಸುಬಿನ ಅರ್ಧ ಮಾತ್ರ. ಜ್ವರದಲ್ಲಿ ಕೈ ಕಟ್ಟುವುದು ಇನ್ನರ್ಧ. ಅದನ್ನು ಪ್ರತಿ ಬೆಳೆಯಲ್ಲೂ ಮಾಡುತ್ತಾ ಬಂದಿದ್ದೇನೆ, ಆದರೆ ಆಗೆಲ್ಲ ನನ್ನನ್ನು ಹುಳುಮನೆಯಿಂದ ಹೊರಗೆ ಅಟ್ಟಿ ಬಾಗಿಲು ಹಾಕುತ್ತಿದ್ದವಳು ಪುಟ್ಟಮ್ಮ.

ಅವತ್ತಿನಿಂದ ನಾನು ಮೆಟ್ಟು ಬಿಟ್ಟು ಮೆಲ್ಲಗೆ ಓಡಾಡಿದೆ. ಸುಮಾಳಿಗೆ ಒಗ್ಗರಣೆ ಹಾಕಬೇಡ ಅಂದೆ. ಹುಳುಮನೆ ಪಕ್ಕ ನಾವು ಒಗ್ಗರಣೆ ಹಾಕುವುದಿಲ್ಲ, ಘಾಟು ಆಗದು. "ಅದು ಅಮೇರಿಕದ್ ಆವು, ಅದಕ್ಕೇನ್ ಒಗ್ಗರಣೆ ಗೊತ್ತು," ಎಂದು ಗೊಣಗುತ್ತಲೇ ಒಗ್ಗರಣೆ ಇಲ್ಲದ ಸಾರು ಉಂಡಳು.

ಕಣ್ಣು ತಿಳಿಯಾಯಿತು. ಆಮೇಲೆ ಒಂದು ಮಧ್ಯಾಹ್ನ, ಹೂಕುಂಡದ ಒಡಕಿಗೆ ಮೂತಿ ಉಜ್ಜಿ ಉಜ್ಜಿ, ಒದ್ದೆ ಕಾಲುಚೀಲ ತಿರುಗಿಸಿದ ಹಾಗೆ, ಇಡೀ ಪೊರೆ ಬಿಟ್ಟು ಆಚೆ ಬಂತು. ಈಗತಾನೆ ಸುಟ್ಟು ತೆಗೆದ ಹೆಂಚಿನ ಬಣ್ಣ. ನಾನು ಮುಟ್ಟಲಿಲ್ಲ. ಟಾಮಣ್ಣನಿಗೆ ಫೋಟೋ ಕಳಿಸಿದೆವು. ಎರಡು ವಾರ ತುಂಬಿದ ಮೇಲೆ, ಇನ್ನು ಒಂದು ಅತಿ ಚಿಕ್ಕ ಇಲಿಮರಿ ಕೊಡು ಎಂದು ಹೇಳಿ ಕಳಿಸಿದರು. ಚಿಮಟದಲ್ಲಿ ಹಿಡಿದು ಒಡ್ಡಿದೆ. ತಿಂದಿತು. ಬಿಸಿ ಪಕ್ಕಕ್ಕೆ ಹೋಗಿ ಮಲಗಿತು. ಪೆಟ್ಟಿಗೆಗೆ ಒಂದು ಬಟ್ಟೆ ಮುಚ್ಚಿ ನಾನು ದೂರ ಸರಿದೆ.

ಇನ್ನು ಕಕ್ಕುತ್ತದೋ ಅರಗಿಸಿಕೊಳ್ಳುತ್ತದೋ.

ಟಾಮಣ್ಣ ಬಂದ ದಿನ

ಅವರು ಎರಡು ಊರುಗೋಲಿನ ಮೇಲೆ ಬಂದರು. ಸೀದಾ ಪೆಟ್ಟಿಗೆಯ ಹತ್ತಿರ ಹೋದರು. ಬಟ್ಟೆ ಸರಿಸಿ ಬಗ್ಗಲಾರದೆ ನಿಂತರು. ಹಾವು ಕುಂಡದ ಕೆಳಗಿತ್ತು, ಬಾಲದ ತುದಿ ಮಾತ್ರ ಕಾಣುತ್ತಿತ್ತು. ನಾತವಿರಲಿಲ್ಲ, ಕಕ್ಕಿರಲಿಲ್ಲ. ಆದರೆ ಹಿಕ್ಕೆಯೂ ಇರಲಿಲ್ಲ.

"ನಾಟ್ ಯೆಟ್," ಅಂದೆ. ಆ ದಿನಗಳಲ್ಲಿ ಕಲಿತಿದ್ದ ಇಂಗ್ಲಿಷು ಅದೊಂದೇ.

ಕೆಳಗೆ ಅವರ ಅಡಿಗೆಮನೆಯಲ್ಲೇ ಊಟ, ಮುದ್ದೆ, ಬಸ್ಸಾರು. ಈ ಸಲ ಟಾಮಣ್ಣ ನನ್ನ ಕೈಯನ್ನೇ ನೋಡುತ್ತಾ ಚೂರು ಮುರಿದು, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗಿದರು. ಕತ್ತಿನಲ್ಲಿ ಅದು ಇಳಿದದ್ದು ನಮಗೆಲ್ಲ ಕಾಣಿಸಿತು. ಮೇಜು ಗುದ್ದಿ ನಕ್ಕರು. ಇಡೀ ಮುದ್ದೆ ಮುಗಿಸಿದರು. ನಡೆಯುವ ವ್ಯಾಯಾಮದ ಹೊತ್ತಾಯಿತು ಎಂದು ಸುಮಾ ಅವರ ತೋಳು ಹಿಡಿದರೆ, ಬೆರಳು ಎತ್ತಿ ಏನೋ ಅಂದರು.

"ಈಗ್ ತಾನೆ ನುಂಗಿವ್ನಿ, ಎರಡ್ ದಿನ ನನ್ನ ಎತ್ಬೇಡಿ ಅಂತಾವ್ರೆ," ಎಂದು ಸುಮಾ ಅವರನ್ನು ಬಿಟ್ಟಳು.

ನಾನು ತಟ್ಟೆ ತೆಗೆದಿಟ್ಟು ನಡುಮನೆಗೆ ಬಂದೆ. ಹಾವು ಕುಂಡದಿಂದ ಹೊರಗೆ ಬಂದು ಪೆಟ್ಟಿಗೆಯ ಉದ್ದಕ್ಕೆ ಮೈ ಚಾಚಿತ್ತು. ಬಾಲ ಒಂಚೂರು ಮೇಲೆತ್ತಿತು. ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪಗೆ, ಗಟ್ಟಿಯಾಗಿ, ತುದಿಯಲ್ಲಿ ಸುಣ್ಣ ಮೆತ್ತಿದಂತೆ ಬಿಳುಪು. ಪುಟ್ಟಮ್ಮ ಹೇಳಿದ್ದ ಹಲ್ಲಿ ಹಿಕ್ಕೆಯ ಹಾಗೆಯೇ.

"ಟಾಮಣ್ಣಾ!" ಎಂದು ಕೂಗಿದೆ.

ವ್ಯಾಯಾಮಕ್ಕೆ ಏಳದ ಮನುಷ್ಯ ಊರುಗೋಲು ಟಕಟಕ ಅನ್ನಿಸುತ್ತಾ ಬಂದರು. ಗಾಜಿಗೆ ಹಣೆ ಇಟ್ಟು ನೋಡಿದರು. ನಾನೂ ಪಕ್ಕದಲ್ಲಿ ಹಣೆ ಇಟ್ಟೆ. ಸುಮಾ ಹಿಂದಿನಿಂದ ಫೋನು ಹಿಡಿದಿದ್ದಳು, ಅದರೊಳಗೆ ಪುಟ್ಟಮ್ಮ: "ಬೆಳ್ಗೆ ಐತಾ ತುದೀಲಿ? ಐತಾ?"

"ಐತೆ ಕಣೇ."

"ಆಯ್ತಲ್ಲ ಮತ್ತೆ. ಇನ್ ಮುಟ್ಬೋದು."

ಟಾಮಣ್ಣನ ಕಣ್ಣು ಒದ್ದೆಯಾಗಿತ್ತು, ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಮೇಜಿನ ಮೇಲಿದ್ದ ಕಾಗದದ ಸುರುಳಿಯಿಂದ ಒಂದು ಹಾಳೆ ಹರಿದರು. ಅವರೇ ತೆಗೆಯುತ್ತಾರೆ ಎಂದು ನಾನು ಹಿಂದಕ್ಕೆ ಸರಿದೆ. ಅವರು ಹಾಳೆಯನ್ನು ನನ್ನ ಕಡೆ ಚಾಚಿ, ದಾರಿ ಬಿಟ್ಟು ನಿಂತರು.

ಹುರುಳಿಕಾಳಿನಷ್ಟು ಕೆಲಸಕ್ಕೆ ನಾನು ಅಂಗಿಯ ಎರಡೂ ತೋಳು ಮೊಣಕೈವರೆಗೆ ಮಡಚಿಕೊಂಡೆ.